ಇಪ್ಪತ್ತನಾಲ್ಕರ ಹಾಳೆ

ನನ್ನ ವೆಲ್ಡಿಂಗ್ ಶೆಡ್ಡಿನ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇದೆ. ಬೆಳಿಗ್ಗೆ ಷಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಹಿಂದಿನ ದಿನದ ಹಾಳೆಯನ್ನು ಹರಿದು, ಅದರಲ್ಲೇ ಕೈಗಂಟಿದ ಗ್ರೀಸು ಒರೆಸಿ ಎಸೆಯುವುದು ನನ್ನ ಪದ್ಧತಿ. ಜ್ವರ ಬಂದ ದಿನವೂ ತಪ್ಪದ ಈ ಪದ್ಧತಿ ಪ್ರತಿ ವರ್ಷ ಫೆಬ್ರವರಿ ಇಪ್ಪತ್ತನಾಲ್ಕಕ್ಕೆ ಬಂದು ನಿಂತುಬಿಡುತ್ತದೆ. ಆ ಹಾಳೆಗೆ ಗ್ರೀಸು ಒರೆಸಲು ನನಗೆ ಮನಸ್ಸು ಬರುವುದಿಲ್ಲ. ಹೊರಗೆ ಮಾರ್ಚ್ ತಿಂಗಳ ಬಿಸಿಲು ಬಂದಿರುತ್ತದೆ, ನನ್ನ ಗೋಡೆಯಲ್ಲಿ ಮಾತ್ರ ಇನ್ನೂ ಫೆಬ್ರವರಿ ಇಪ್ಪತ್ತನಾಲ್ಕು.

ಇದರಿಂದ ಊರಿಗೆ ತೊಂದರೆಯೂ ಆಗಿದೆ. ಹೋದ ವರ್ಷ ಪಕ್ಕದೂರಿನ ಯಜಮಾನರೊಬ್ಬರು ಕುಂಟೆಯ ಹಲ್ಲು ಬೆಸೆಸಲು ಬಂದವರು ಗೋಡೆ ನೋಡಿ, "ಓ, ಇನ್ನೂ ಇಪ್ಪತ್ನಾಕಾ? ಅಂಗಾದ್ರೆ ತಂಗಿ ಮೊಮ್ಮಗೀನ ನಾಮಕರಣಕ್ಕೆ ನಾಕು ದಿನ ಅದೆ ಬುಡು" ಎಂದು ನಿರುಮ್ಮಳವಾಗಿ ಎಲೆ ಅಡಿಕೆ ಹಾಕಿಕೊಂಡು ಹೋದರು. ನಾಮಕರಣ ಹಿಂದಿನ ದಿನವೇ ಆಗಿಹೋಗಿತ್ತು. ವಾರ ಬಿಟ್ಟು ಬಂದು ಶೆಡ್ಡಿನ ಬಾಗಿಲಲ್ಲೇ ನಿಂತು ಬೈದರು: "ನಿನ್ ಕ್ಯಾಲೆಂಡ್ರು ನಂಬ್ಕಂಡು ತಂಗಿ ಮನೇಲಿ ಮುಖ ತೋರ್ಸಂಗಿಲ್ದಂಗೆ ಮಾಡುದ್ಯಲ್ಲಯ್ಯ! ಹರಿಯಾಕೆ ಆಗ್ದಿದ್ರೆ ಯಾಕೆ ತಗಲಾಕಿದ್ದೀಯ?"

ಯಾಕೆ ಎಂದು ಅವರಿಗೆ ಹೇಳಲು ಆಗಲಿಲ್ಲ. ಉದ್ದದ ಕತೆ. ಅವರಿಗೆ ಬಸ್ಸಿತ್ತು. ನಿಮಗೆ ಬಿಡುವಿರುವಂತಿದೆ, ಹೇಳುತ್ತೇನೆ.

ಮೊದಲು ನನ್ನ ವಿಚಾರ. ಕೃಷ್ಣರಾಜನಗರದ ಹತ್ತಿರದ ನಾಲೆ ಬಯಲಿನ ಊರು ನಮ್ಮದು. ಏಳನೇ ಕ್ಲಾಸಿಗೆ ಶಾಲೆಗೆ ಕೈ ಮುಗಿದು ಹುಣಸೂರಿನ ಒಂದು ವರ್ಕ್‌ಶಾಪಿಗೆ ಸೇರಿದವನು ನಾನು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ಒಳಗೆ ಬಿಸಿ ಹರಿಸುವ ತಗಡಿನ ಕೊಳವೆ ಇರುತ್ತದಲ್ಲ, ಅದನ್ನು ಸುತ್ತಿ ಬೆಸೆಯುವುದರಿಂದ ಶುರುವಾಯಿತು. ಪಿರಿಯಾಪಟ್ಟಣದ ಕಡೆ ನಾನು ಬೆಸೆದ ಕೊಳವೆ ಇಲ್ಲದ ಹಳ್ಳಿ ಕಡಿಮೆ. ಜಂಬಕ್ಕೆ ಹೇಳುತ್ತಿಲ್ಲ. ಅಥವಾ ಹೌದು, ಜಂಬಕ್ಕೇ ಹೇಳುತ್ತಿದ್ದೇನೆ. ಬೆವರು ಸುರಿಸಿದವನಿಗೆ ಅಷ್ಟೂ ಇರಬಾರದೇ?

ಅಲ್ಲಿನ ಮೇಸ್ತ್ರಿ ನನಗೊಂದು ಅಭ್ಯಾಸ ಕಲಿಸಿದರು. ಯಾವ ಕೆಲಸ ಮುಗಿಸಿದರೂ, ಗೇಟಾಗಲಿ ಟ್ರ್ಯಾಕ್ಟರಿನ ಟ್ರೈಲರಾಗಲಿ, ಯಾರ ಕಣ್ಣಿಗೂ ಬೀಳದ ಅಡಿಭಾಗದಲ್ಲಿ ವೆಲ್ಡಿಂಗ್ ರಾಡಿನಲ್ಲೇ ಆ ದಿನದ ತಾರೀಕು ಬರೆಯುವುದು. ಒಂದು ಸಲ ನಾನು ತಾರೀಕಿನ ಜೊತೆ ನನ್ನ ಹೆಸರಿನ ಮೊದಲಕ್ಷರವನ್ನೂ ಬರೆದೆ. ಮೇಸ್ತ್ರಿ ಗ್ರೈಂಡರ್ ತಂದು ಅಕ್ಷರವನ್ನು ಉಜ್ಜಿ ಹಾಕಿದರು. "ಹೆಸ್ರು ಯಾಕ್ಲಾ ಬೇಕು ನಿಂಗೆ? ಕಿತ್ತೋದ ದಿನ ಅವ್ರೇ ನಿನ್ ಹೆಸ್ರು ಹುಡಿಕ್ಕಂಡು ಬತ್ತಾರೆ. ತಾರೀಕು ಬರಿ ಸಾಕು" ಎಂದರು. ಅಲ್ಲಿಂದ ಇಲ್ಲಿಯವರೆಗೆ ತಾರೀಕು ಮಾತ್ರ.

ಈಗ ಇಪ್ಪತ್ತನಾಲ್ಕಕ್ಕೆ ಬರುತ್ತೇನೆ. ಎರಡು ಸಾವಿರದ ಹತ್ತನೇ ಇಸವಿ. ಹುಣಸೂರಿನಲ್ಲಿ ಒಂದು ಟ್ರೈಲರ್ ಕಟ್ಟುತ್ತಿದ್ದೆ. ಸಂಜೆ ಒಂದು ಆ್ಯಂಗಲ್, ಅಂದರೆ ಎಲ್ ಆಕಾರದ ಕಬ್ಬಿಣದ ಪಟ್ಟಿ, ಕಡಿಮೆ ಬಿತ್ತೆಂದು ಕಬ್ಬಿಣದ ಅಂಗಡಿಗೆ ಹೋಗಿ, ಇಪ್ಪತ್ತಡಿಯ ಆ್ಯಂಗಲನ್ನು ಟವೆಲ್ ಮಡಚಿಟ್ಟ ಹೆಗಲ ಮೇಲೆ ಹೊತ್ತು ಬರುತ್ತಿದ್ದೆ. ದಾರಿಯಲ್ಲಿ ಟೀವಿ ಅಂಗಡಿಯ ಮುಂದೆ ಜನವೋ ಜನ. ನಮ್ಮ ದೇಶದ ಆ ಕುಳ್ಳ ಆಟಗಾರ, ಹೆಸರು ನೀವೇ ಹೇಳಿಕೊಳ್ಳಿ, ನೂರಾ ತೊಂಬತ್ತೊಂಬತ್ತರಲ್ಲಿ ನಿಂತಿದ್ದ. ದೇಶ ದೇಶಗಳ ನಡುವಿನ ಗಂಡಸರ ಒಂದು ದಿನದ ಕ್ರಿಕೆಟ್ಟಿನಲ್ಲಿ ಅಲ್ಲಿಯವರೆಗೆ ಯಾರೂ ಇನ್ನೂರು ಮುಟ್ಟಿರಲಿಲ್ಲ. ಇನ್ನೊಂದು ತುದಿಯಲ್ಲಿದ್ದವನು ಬಾರಿಸುತ್ತಲೇ ಇದ್ದ, ಇವನಿಗೆ ಬಾಲೇ ಸಿಗದು. ಜನ ಆ ಇನ್ನೊಬ್ಬನಿಗೆ ಹಾಕಿದ ಶಾಪ ಕೇಳಿದ್ದರೆ ಅವನು ಅಲ್ಲೇ ಬ್ಯಾಟು ಕೆಳಗಿಡುತ್ತಿದ್ದ. "ಒಂದು ರನ್ ಓಡಿ ಈ ಕಡೆ ಬಾರೋ ಮಾರಾಯ!"

ನಾನು ಒಂದು ನಿಮಿಷ ನೋಡಿ ಹೋಗೋಣ ಎಂದುಕೊಂಡು ನಿಂತವನು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಹೆಗಲ ಮೇಲೆ ಕಬ್ಬಿಣ ಇದೆಯೆಂಬುದೇ ಮರೆತುಹೋಗಿತ್ತು. ಕೊನೆಗೆ ಅವನು ಮೆತ್ತಗೆ ಒಂದು ತಳ್ಳಿ, ಓಡಿ, ಹೆಲ್ಮೆಟ್ ತೆಗೆದು ಆಕಾಶ ನೋಡಿದ. ಇಡೀ ರಸ್ತೆ ಹಾರಿತು. ಖುಷಿಯಲ್ಲಿ ನಾನೂ ತಿರುಗಿದೆ. ನಾನು ತಿರುಗಿದರೆ ಇಪ್ಪತ್ತಡಿಯೂ ತಿರುಗಬೇಕಲ್ಲ. ಮುಂದಿದ್ದವರೆಲ್ಲ ಒಟ್ಟಿಗೆ ಕೂತರು. ಹಿಂದಿನ ತುದಿ ಪಕ್ಕದ ಬೇಕರಿಯೊಳಗೆ ಹೋಗಿ, ಬಿಸ್ಕತ್ತಿನ ಗಾಜಿನ ಭರಣಿಗೆ ನಾಲ್ಕು ಬೆರಳು ದೂರದಲ್ಲಿ ನಿಂತಿತು. ಬೇಕರಿಯವನು ಎರಡೂ ಕೈಯಲ್ಲಿ ಆ ತುದಿಯನ್ನು ಹಿಡಿದುಕೊಂಡು, "ಅಣ್ಣಾ, ಅಂಗೇ ನಿಂತ್ಕೊ. ಅಲ್ಲಾಡ್ಬ್ಯಾಡ. ಉಸ್ರೂ ಬುಡಬ್ಯಾಡ" ಎಂದ. ನಾನು ಉಸಿರು ಬಿಡದೆ ಟೀವಿ ನೋಡಿದೆ. ಒಬ್ಬ ಮನುಷ್ಯ ಮಾಡಿದ್ದನ್ನು ನೋಡಿ ಇನ್ನೊಬ್ಬನಿಗೆ ಹೀಗೆ ಮೈ ಜುಮ್ಮೆನ್ನಬಹುದು ಎಂದು ನನಗೆ ಅವತ್ತೇ ತಿಳಿದದ್ದು. ಟ್ರೈಲರಿನ ಅಡಿಯಲ್ಲಿ ಮಲಗಿ 24-2-10 ಎಂದು ಬರೆದೆ.

ಐದು ವರ್ಷ ಕಳೆಯಿತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯಲ್ಲಿ, ಕಾಡಿನ ಅಂಚಿನ ಒಂದು ಮನೆಗೆ ಗೇಟು ಕೂರಿಸುತ್ತಿದ್ದೆ. ಆ ಮನೆಯ ಅಜ್ಜಿ ಬೆಳಗಿನಿಂದ ಜಗಲಿಯಲ್ಲಿ ಕೂತು ನನ್ನ ಕೆಲಸದ ಮೇಲೆ ಕಣ್ಣಿಟ್ಟಿದ್ದರು. "ಆನೆಗೆ ಗೇಟ್ಯಾಕಪ್ಪ? ಅದು ಗೋಡೆ ಕೆಡಿಕ್ಕಂಡೇ ಬತ್ತದೆ." ನಾನು, "ಗೇಟು ನೆಂಟ್ರಿಗೆ ಕಣಜ್ಜಿ" ಎಂದೆ. ಅಜ್ಜಿಗೆ ಅದು ಹಿಡಿಸಿ ಕಾಫಿ ಬಂತು. ಮಧ್ಯಾಹ್ನದ ಹೊತ್ತಿಗೆ ಮನೆಯ ಯಜಮಾನ ಫೋನು ಹಿಡಿದು ಹೊರಗೆ ಓಡಿ ಬಂದ: "ಅಣ್ಣೋ, ಇನ್ನೂರು ಹೊಡ್ದ! ವಿಶ್ವಕಪ್ಪಲ್ಲಿ ಇದೇ ಫಸ್ಟು!" ವೆಸ್ಟ್ ಇಂಡೀಸಿನ ಆ ಎತ್ತರದ ಎಡಗೈ ಆಟಗಾರ. ಅಷ್ಟರಲ್ಲಿ ಬೇರೆ ಪಂದ್ಯಗಳಲ್ಲಿ ಇನ್ನೂರು ಬಂದಿದ್ದವು, ಆದರೆ ಗಂಡಸರ ವಿಶ್ವಕಪ್ಪಿನಲ್ಲಿ ಅದು ಮೊದಲನೆಯದು. ಸಂತೋಷ ಎಂದುಕೊಂಡು, ಗೇಟಿನ ಅಡಿಗೆ ತಾರೀಕು ಬರೆಯಲು ಬಗ್ಗಿದೆ. ಎರಡು ಬರೆದೆ. ನಾಲ್ಕು ಬರೆದೆ. ಗೆರೆ ಎಳೆದು ಮತ್ತೆ ಎರಡು ಬರೆದೆ. ಕೈ ನಿಂತಿತು.

ಇದೇ ಎರಡು, ಇದೇ ನಾಲ್ಕು, ಇದೇ ಎರಡು. ಹುಣಸೂರಿನ ಟ್ರೈಲರ್. ಅದೇ ತಾರೀಕು!

ವರ್ಷಕ್ಕೆ ಮುನ್ನೂರ ಅರವತ್ತೈದು ದಿನ ಇರುವಾಗ, ಎರಡು ಬೇರೆ ದೇಶದ ನೆಲದಲ್ಲಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರು, ಯಾರೂ ಮಾಡದ್ದನ್ನು ಒಂದೇ ತಾರೀಕಿನಲ್ಲಿ ಮಾಡುತ್ತಾರೆ. ಎರಡು ಸಲವೂ ನಾನು ಆ ತಾರೀಕನ್ನು ಕಬ್ಬಿಣದಲ್ಲಿ ಬರೆದಿದ್ದೇನೆ. ಓದಿದವರು ಇದನ್ನು ಕಾಕತಾಳೀಯ ಎನ್ನುತ್ತಾರೆ. ಓದದ ನನಗೆ ಅದು ಒಂದು ಬಾಗಿಲು ತೆರೆಯುವ ದಿನದ ಹಾಗೆ ಕಂಡಿತು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಾ, "ನಮ್ ಮದ್ವೆ ಯಾವತ್ತಾಗಿದ್ದು ಏಳಿ ನೋಡನ?" ಎಂದಳು. ನಾನು ತಡವರಿಸಿದೆ. "ಅದು ಗ್ಯಾಪಕ ಇಲ್ಲ. ಯಾವೋನೋ ಎಲ್ಲೋ ಒಡೆದಿದ್ದು ಮಾತ್ರ ತಾರೀಕು ಸಮೇತ ಅದೆ!" ಎಂದು ರೊಟ್ಟಿ ತಿರುವಿ ಹಾಕಿದಳು. ಅವತ್ತಿನಿಂದ ನಾನು ಇಪ್ಪತ್ತನಾಲ್ಕರ ಹಾಳೆ ಹರಿಯುವುದನ್ನು ಬಿಟ್ಟೆ. ಮದುವೆಯ ತಾರೀಕನ್ನೂ ಕಲಿತೆ.

ನಾನೂ ಆಡುವವನೇ. ನಮ್ಮೂರಿನ ಕ್ರಿಕೆಟ್ಟಿನ ವಿಚಾರ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಮ್ಮ ಮೈದಾನ ಎಂದರೆ ಪುಟ್ಟೇಗೌಡರ ಗದ್ದೆ. ಭತ್ತ ಕುಯ್ದ ಮೇಲೆ ಮಳೆಗಾಲದವರೆಗೆ ಖಾಲಿ. ಅದರ ಒಂದು ಪಕ್ಕಕ್ಕೆ ಅವರದ್ದೇ ಕಬ್ಬು, ಅಗಲ ಕಡಿಮೆ, ಉದ್ದ ಜಾಸ್ತಿ. ಕಬ್ಬಿನ ಆಚೆಗೆ ನಾಲೆಯ ಏರಿ. ನಾನು ಮೀಸೆ ಮೂಡದ ವಯಸ್ಸಿನಲ್ಲಿದ್ದಾಗ ಚೆಂಡು ಕಬ್ಬಿಗೆ ಬಿದ್ದರೆ ಹನ್ನೊಂದೂ ಜನ ನುಗ್ಗುತ್ತಿದ್ದೆವು. ಚೆಂಡು ಹುಡುಕಲು ಹೋದವರು ಅರ್ಧ ಗಂಟೆ ಬರುತ್ತಿರಲಿಲ್ಲ, ಬಂದಾಗ ಬಾಯಿ ಸಿಹಿಯಾಗಿರುತ್ತಿತ್ತು. ಒಂದು ದಿನ ಪುಟ್ಟೇಗೌಡರು ಬಂದು ಗದ್ದೆಯ ಮಧ್ಯೆ ನಿಂತು ಕಾನೂನು ಮಾಡಿದರು. "ಆಡ್ಕಳಿ, ಬ್ಯಾಡ ಅನ್ನಾಕಿಲ್ಲ. ಚೆಂಡು ಕಬ್ಬಿಗೆ ಬಿತ್ತೋ, ಒಡ್ದೋನು ಔಟು. ಚೆಂಡು ನಂದು. ಒಬ್ಬನೇ ಒಬ್ಬ ಒಳಕ್ಕೆ ಕಾಲಿಕ್ಕುದ್ರೂ ಮಾರ್ನೇ ದಿನ ಗದ್ದೆಗೆ ನೇಗ್ಲು."

ಆ ಕಾನೂನಿಗೆ ಮೂವತ್ತು ವರ್ಷ ಮೇಲಾಯಿತು. ಗೌಡರು ಕಬ್ಬು ಕಡಿಸಿದಾಗಲೆಲ್ಲ ಸಿಕ್ಕಿದ ಚೆಂಡುಗಳನ್ನು ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದರು. ನಮ್ಮೂರಿನ ಆಟ ಮಾತ್ರ ಆ ಕಾನೂನಿನ ಅಚ್ಚಿನಲ್ಲೇ ಬೆಳೆಯಿತು. ಬೌಲಿಂಗು ಯಾವಾಗಲೂ ಒಂದೇ ಕಡೆಯಿಂದ. ಕಬ್ಬು ಬಲಗೈಯಲ್ಲಿ ಆಡುವವನ ಬೆನ್ನ ಹಿಂದೆ, ಎಡಗಡೆಯ ಲೆಗ್ ಸೈಡಿಗೆ. ಆ ಕಡೆ ಯಾರೂ ಹೊಡೆಯುವುದಿಲ್ಲ, ಆದ್ದರಿಂದ ಆ ಕಡೆ ಫೀಲ್ಡರನ್ನು ನಿಲ್ಲಿಸುವುದೂ ಇಲ್ಲ. ಕಬ್ಬೇ ಅಲ್ಲಿನ ಫೀಲ್ಡರ್, ಅದು ಕ್ಯಾಚು ಬಿಟ್ಟದ್ದೇ ಇಲ್ಲ. ಬೌಲರುಗಳು ಬೇಕೆಂದೇ ಕಾಲಿನ ಮೇಲೆ ಹಾಕುತ್ತಿದ್ದರು, ಹೊಡೆದರೆ ಚೆಂಡು ಕಬ್ಬಿಗೇ ಹೋಗಬೇಕು. ಎಡಗೈಯವನೊಬ್ಬನಿದ್ದ, ಮುಂದೆ ಹೊಡೆದರೆಲ್ಲ ಕಬ್ಬಿಗೇ ಹೋಗುತ್ತದೆಂದು ಅಳುತ್ತಾ ಬಲಗೈ ಕಲಿತ. ಒಮ್ಮೆ ನಾವು ಕೃಷ್ಣರಾಜನಗರದ ಟೂರ್ನಮೆಂಟಿಗೆ ಹೋದೆವು. ಎರಡೇ ಓವರಿಗೆ ಎದುರಾಳಿ ನಾಯಕ ನಮ್ಮ ಗುಟ್ಟು ಹಿಡಿದು ಅಷ್ಟೂ ಜನರನ್ನು ಒಂದೇ ಕಡೆ ತಂದು ನಿಲ್ಲಿಸಿದ. ಈ ಕಡೆ ಮೈದಾನ ಖಾಲಿ, ಒಂದು ನಾಯಿ ಮಲಗಿತ್ತು. ಆ ನಾಯಿ ಪಂದ್ಯ ಮುಗಿಯುವವರೆಗೂ ಎದ್ದೇಳಲಿಲ್ಲ. "ನಿಮ್ಮೂರ್ನೋರ್ಗೆ ಎಡಗಡೆ ಅನ್ನೋದೇ ಇಲ್ವೇನ್ರಪ್ಪಾ?" ಎಂದು ಆ ನಾಯಕ ಕೇಳಿದ. ಅಲ್ಲಿ ಕಬ್ಬಿರಲಿಲ್ಲ, ಆದರೂ ನಮ್ಮ ಮೈಯೊಳಗೆ ಕಬ್ಬು ಬೆಳೆದುಬಿಟ್ಟಿತ್ತು.

ಊರೊಳಗೂ ನಮ್ಮ ಕೆಳಗಿನ ಬೀದಿಗೆ ಮರ್ಯಾದೆ ಇರಲಿಲ್ಲ. ಮೇಲಿನ ಬೀದಿಯವರನ್ನು ನಾವು ಒಂದು ಸಲವೂ ಸೋಲಿಸಿರಲಿಲ್ಲ. ಅವರ ನಾಯಕ ಮಾದೇವ ನನ್ನ ಜೊತೆ ಏಳನೇ ಕ್ಲಾಸಿನವರೆಗೆ ಓದಿದವನು. ಅವನು ಮುಂದೆ ಓದಿದ, ಅದನ್ನು ಇಂದಿಗೂ ಬೌಲಿಂಗಿನಲ್ಲಿ ತೋರಿಸುತ್ತಾನೆ. ನನಗೆ ವಯಸ್ಸು ಐವತ್ತರ ಹತ್ತಿರ ಬಂದಿತ್ತು, ಮಂಡಿ ಕಿರುಗುಟ್ಟುತ್ತಿತ್ತು. ಒಂದೇ ಒಂದು ಸಲ ಗೆದ್ದು ಬ್ಯಾಟು ಅಟ್ಟಕ್ಕೆ ಹಾಕಬೇಕು ಎಂಬುದು ನನ್ನ ಹಟ. ಎರಡು ಸಾವಿರದ ಹತ್ತೊಂಬತ್ತರಲ್ಲಿ ಫೆಬ್ರವರಿ ಇಪ್ಪತ್ತನಾಲ್ಕು ಭಾನುವಾರ ಬಂತು. ನಾನೇ ಮಾದೇವನ ಮನೆಗೆ ಹೋಗಿ ಪಂದ್ಯ ಗೊತ್ತು ಮಾಡಿ ಬಂದೆ.

ಅವತ್ತು ಬೆಳಿಗ್ಗೆ ತಿಂಡಿಗೆ ಕೂತಾಗ ನಾನು ಇಡೀ ಮನೆಗೆ ಕೇಳುವಂತೆ ಇಪ್ಪತ್ತನಾಲ್ಕರ ಮಹಿಮೆ ಹೇಳಿದೆ. "ಮೊದ್ಲು ಇನ್ನೂರು ಇವತ್ತೇ. ವಿಶ್ವಕಪ್ಪಿನ ಮೊದ್ಲು ಇನ್ನೂರೂ ಇವತ್ತೇ. ನಮ್ಮ ಬೀದಿ ಮೊದ್ಲು ಗೆಲ್ಲೋದೂ ಇವತ್ತೇ, ಬರ್ಕಳಿ."

ನನ್ನ ತಮ್ಮ ಕುಮಾರನ ಹೆಂಡತಿ ಸವಿತಾ ಚಟ್ನಿ ಬಡಿಸುತ್ತಿದ್ದಳು. ಹಂಪಾಪುರದ ಕಡೆಯ ಹುಡುಗಿ, ಮದುವೆಯಾಗಿ ಬಂದು ವರ್ಷವಾಗಿರಲಿಲ್ಲ, ನನ್ನೆದುರು ಹೆಚ್ಚು ಮಾತಾಡಿದವಳಲ್ಲ. ಮೆಲ್ಲಗೆ, "ಭಾವ, ಮೊದ್ಲು ಇನ್ನೂರು ಒಡ್ದಿದ್ದು ಅವ್ರಲ್ಲ" ಎಂದಳು.

"ಮತ್ಯಾರು?"

"ಆಸ್ಟ್ರೇಲಿಯಾದ ಒಬ್ರು ಎಂಗ್ಸು. ಅವ್ರ ಟೀಮಿನ ಕ್ಯಾಪ್ಟನ್ನು. ತೊಂಬತ್ತೇಳರಲ್ಲೇ ಒಡ್ದವ್ರೆ, ಅದೂ ನಮ್ ಮುಂಬೈಲೇ. ಪಿಯುಸೀಲಿ ಕ್ವಿಜ್ಜಲ್ಲಿ ಕೇಳಿದ್ರು. ನಾನೂ ನಿಮ್ ತರಾನೇ ಏಳ್ಬುಟ್ಟು ಸೋತೆ. ಗೆದ್ದೋಳ್ಗೆ ಸ್ಟೀಲಿನ ಟಿಫನ್ ಕ್ಯಾರಿಯರ್ ಕೊಟ್ರು. ಅದುಕ್ಕೇ ಇನ್ನೂ ಮರ್ತಿಲ್ಲ."

"ಓ, ಅದು ಎಂಗಸ್ರ ಆಟ. ಆದ್ರೂ ವಿಶ್ವಕಪ್ಪಿಂದು...?"

"ಅವ್ರು ಒಡ್ದಿದ್ದೂ ವಿಶ್ವಕಪ್ಪಲ್ಲೇ ಭಾವ. ನಿಮ್ಮ ಎರಡು ಫಸ್ಟೂ ಅವ್ರು ಒಂದೇ ದಿನ ಮುಗ್ಸಾಕವ್ರೆ. ಅದು ಡಿಸೆಂಬರಲ್ಲಿ."

ಕುಮಾರ ತಟ್ಟೆಯೊಳಗೆ ಮುಖವಿಟ್ಟು ನಕ್ಕ. ನನ್ನ ಹೆಂಡತಿ ಮುಖವಿಡದೆಯೇ ನಕ್ಕಳು. ನಾನು ಅರ್ಧ ದೋಸೆ ಬಿಟ್ಟು ಎದ್ದೆ. ಗೋಡೆಯ ಹಾಳೆಯ ಮೇಲೆ ಯಾರೋ ಗ್ರೀಸು ಒರೆಸಿದ ಹಾಗಾಯಿತು ನನಗೆ. ಆದರೆ ಗದ್ದೆಗೆ ನಡೆಯುತ್ತಾ ನಡೆಯುತ್ತಾ ಬೇರೊಂದು ಯೋಚನೆ ಶುರುವಾಯಿತು. ಆ ಹೆಣ್ಣುಮಗಳು ಯಾರು? ಅವಳು ಹೊಡೆದ ದಿನ ನಾನು ಯಾವ ಗೇಟಿಗೆ ತಾರೀಕು ಬರೆಯುತ್ತಿದ್ದೆ? ನಮ್ಮ ದೇಶದ ನೆಲದಲ್ಲೇ ಅಷ್ಟು ದೊಡ್ಡದು ನಡೆದಿದೆ, ಯಾವ ಟೀವಿ ಅಂಗಡಿಯ ಮುಂದೆಯೂ ನಾನು ಕಬ್ಬಿಣ ಹೊತ್ತು ನಿಂತಿರಲಿಲ್ಲ. ನನಗೆ ಗೊತ್ತಿಲ್ಲದ್ದು ನಡೆದೇ ಇಲ್ಲ ಎಂದು ಅಷ್ಟು ವರ್ಷ ನಂಬಿಕೊಂಡಿದ್ದೆನಲ್ಲ!

ಪಂದ್ಯ ಚೆನ್ನಾಗಿಯೇ ನಡೆಯಿತು. ಮೇಲಿನ ಬೀದಿಯವರನ್ನು ಕಡಿಮೆಗೇ ಕಟ್ಟಿಹಾಕಿದೆವು. ಆದರೆ ಫೀಲ್ಡಿಂಗ್ ಮಾಡುವಾಗ ಕುಮಾರ ಬದುವಿನ ಮೇಲೆ ಕಾಲು ಹೊರಳಿಸಿಕೊಂಡು ಕೂತುಬಿಟ್ಟ. ನಮ್ಮಲ್ಲಿ ಬ್ಯಾಟು ಮಾಡುವ ಕಡೆಯವರೇ ಅಂಪೈರ್ ಆಗುವುದು ರೂಢಿ, ಹಾಗಾಗಿ ಅವನನ್ನು ಒಂದು ಕಲ್ಲಿನ ಮೇಲೆ ಕೂರಿಸಿ ಅಂಪೈರ್ ಮಾಡಿದೆವು. ಒಂಬತ್ತು ವಿಕೆಟ್ಟು ಬಿದ್ದವು. ಇನ್ನೊಂದು ಬಾಲು ಉಳಿದಿತ್ತು, ಐದು ರನ್ನು ಬೇಕಿತ್ತು. ನಾನು ಬೌಲರ್ ಕಡೆ ಔಟಾಗದೆ ನಿಂತಿದ್ದೆ. ಹನ್ನೊಂದನೆಯವನು ಕಲ್ಲಿನ ಮೇಲೆ.

"ಮುಗೀತು ಬುಡ್ಲಾ ರಾಜ" ಎಂದ ಮಾದೇವ. "ಜನ ಇಲ್ಲ ನಿನ್ ತಾವ."

ಸವಿತಾ ಮಜ್ಜಿಗೆ ಬಿಂದಿಗೆ ತಂದು ಬದುವಿನ ಮೇಲೆ ನಿಂತಿದ್ದಳು. "ಅವ್ರ ಬದ್ಲು ನಾ ಆಡ್ಲಾ ಭಾವ?" ಎಂದಳು. ನನಗೆ ಬೆಳಗಿನ ದೋಸೆ ನೆನಪಾಯಿತು. ಸುತ್ತಲೂ ಊರಿನ ಗಂಡಸರು ನಿಂತಿದ್ದಾರೆ. ಮನೆಯ ಸೊಸೆಯನ್ನು ಗದ್ದೆಗಿಳಿಸಿ ಸೋತರೆ ಸಾಯುವವರೆಗೂ ಅದೇ ಮಾತು. ಇಳಿಸದಿದ್ದರೆ ಈಗಲೇ ಸೋಲು.

"ಆಡಿದ್ದೀಯಾ?"

"ರಾಗಿ ಹೊಲದಲ್ಲಿ, ಅಣ್ಣಂದಿರ ಜೊತೆ. ತೆಂಗಿನ ಮಟ್ಟೇಲಿ."

ಮಾದೇವ ಚಪ್ಪಾಳೆ ತಟ್ಟಿದ. "ಬಾರವ್ವ, ಬಾ! ಸೊಸೇನ ಮುಂದೆ ಬುಟ್ಟು ಗೆಲ್ತಾನಂತೆ ವೆಲ್ಡಿಂಗ್ ರಾಜಣ್ಣ!"

ಅವಳು ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದಳು. "ಬಾಲ್ ಆಕಿ ಮಾದೇವಣ್ಣ. ಮಾತು ಆಮೇಲೆ ಆಡನ."

ನಾನು ಬ್ಯಾಟು ಕೊಡುತ್ತಾ ಕಾನೂನು ಹೇಳಿದೆ. "ನೋಡು, ಈ ಕಡೆ ಎಷ್ಟು ಬೇಕಾದ್ರೂ ಒಡಿ. ಆ ಕಡೆ ಮಾತ್ರ ಬ್ಯಾಡ. ಕಬ್ಬಿಗೆ ಬಿದ್ರೆ ಔಟು."

ಅವಳು ಕಬ್ಬಿನ ಕಡೆ ತಿರುಗಿ ನೋಡಿದಳು. ತುಸು ಹೊತ್ತು ನೋಡಿದಳು. "ಕಬ್ಬು ದಾಟುದ್ರೆ ಭಾವ?"

ನಾನು ನಕ್ಕೆ. "ದಾಟಾಕಿಲ್ಲ ಬುಡವ್ವ."

ಮಾದೇವ ಓಡಿ ಬಂದ. ನಮ್ಮೂರಿನ ಬ್ರಹ್ಮಾಸ್ತ್ರವನ್ನೇ ಬಿಟ್ಟ, ಕಾಲಿನ ಮೇಲಕ್ಕೆ. ಅದೇ ಬಾಲಿಗೆ ನಾನು ನೂರಾರು ಸಲ ಮೈ ಮುದುಡಿಕೊಂಡು ಬ್ಯಾಟು ಅಡ್ಡ ಹಿಡಿದಿದ್ದೇನೆ. ಅವಳು ಒಂದು ಹೆಜ್ಜೆ ಹಿಂದಿಟ್ಟಳು, ಸೊಂಟ ತಿರುಗಿತು, ಒನಕೆ ಪೆಟ್ಟಿನಂಥ ಒಂದು ಸದ್ದು. ಚೆಂಡು ಎದ್ದಿತು.

ಆ ಚೆಂಡನ್ನು ನಾನು ಹೇಗೆ ಹೇಳಲಿ? ಬೆಳ್ಳಗೆ ಸುಟ್ಟ ಆಕಾಶದಲ್ಲಿ ಅದು ಏರಿತು, ಏರಿತು, ಕಬ್ಬಿನ ಸೂಲಂಗಿ ಹೂಗಳಿಗಿಂತ ಎಷ್ಟೋ ಮೇಲೆ ಹೋಯಿತು. ಗದ್ದೆಯಲ್ಲಿದ್ದ ಅಷ್ಟೂ ಗಂಡಸರ ಕತ್ತು ಒಟ್ಟಿಗೆ ಆ ಕಡೆ ತಿರುಗಿತು. ನಾವು ಆಟದ ಮಧ್ಯೆ ಆ ದಿಕ್ಕನ್ನು ತಲೆಯೆತ್ತಿ ನೋಡಿದ್ದು ಅದೇ ಮೊದಲು. ಅಲ್ಲಿ ಒಂದು ಆಲದ ಮರ ಇದೆ, ಮರದಾಚೆಗೆ ಬೆಟ್ಟದ ಸಾಲು ನೀಲಿಯಾಗಿ ಕಾಣುತ್ತದೆ. ಹುಟ್ಟಿದ ಊರು, ನನಗೆ ಗೊತ್ತೇ ಇರಲಿಲ್ಲ. ಚೆಂಡು ಕಬ್ಬಿನ ಮೇಲೆ ದಾಟಿ, ಏರಿಯ ಮೇಲೆ ಧೂಳೆಬ್ಬಿಸಿ ಬಿತ್ತು.

ಎಲ್ಲರೂ ಒಟ್ಟಿಗೆ ಕೂಗಿದರು. ಕುಮಾರ ಕಲ್ಲಿನ ಮೇಲೆ ಒಂಟಿ ಕಾಲಲ್ಲಿ ಎದ್ದು ಎರಡೂ ಕೈ ಮೇಲೆತ್ತಿದ: "ಸಿಕ್ಸ್!"

ಮಾದೇವ ಕೆಂಡವಾದ. "ಎಂಡ್ತಿಗೆ ಸಿಕ್ಸ್ ಕೊಡ್ದೆ ಇನ್ನೇನ್ಲಾ ಕೊಟ್ಟೀಯ ನೀನು? ಮದ್ಯಾನ ಊಟ ಬ್ಯಾಡ್ವಾ? ಕಬ್ಬಿನ್ ಕಡೆ ಒಡೆದ್ರೆ ಔಟು. ಮೂವತ್ತು ವರ್ಷದ ಕಾನೂನು!"

"ಬಿದ್ರೆ ಔಟು ಅಂತ ಕಾನೂನು. ಬಿತ್ತಾ?"

"ಕಡೆ ಅಂದ್ರೆ ಕಡೆ ಕಣ್ಲಾ!"

ಎರಡು ಬೀದಿಯೂ ಎದೆಗೆ ಎದೆ ಕೊಟ್ಟು ನಿಂತವು. ಸವಿತಾ ಒಬ್ಬಳೇ ಬ್ಯಾಟನ್ನು ಊರಿಕೊಂಡು ಸುಮ್ಮನೆ ನಿಂತಿದ್ದಳು. ಔಟೆಂದರೆ ನಾಳೆ ನಲ್ಲಿಯ ಹತ್ತಿರ ಅವಳನ್ನು ಆಡಿಕೊಳ್ಳುತ್ತಾರೆ. ಸಿಕ್ಸೆಂದು ನಾವು ಹಟಕ್ಕೆ ಗೆದ್ದರೂ ಊರು ಅದನ್ನು ಜಗಳವೆಂದೇ ನೆನಪಿಡುತ್ತದೆ, ಅವಳ ಹೊಡೆತವೆಂದಲ್ಲ. ನನಗೆ ಅದೇ ಸಂಕಟವಾಯಿತು. ಅಷ್ಟು ಚೆಂದದ್ದು ನಮ್ಮ ಬಾಯಿಗೆ ಸಿಕ್ಕಿ ಹಾಳಾಗುತ್ತಿತ್ತು.

ಅಷ್ಟರಲ್ಲಿ ಕಬ್ಬಿನ ಬದುವಿನ ಮೇಲೆ ಪುಟ್ಟೇಗೌಡರು ಬಂದರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಚೆಂಡು. ಗಲಾಟೆ ನಿಂತಿತು. ಗೌಡರಿಗೆ ಎಂಬತ್ತರ ಹತ್ತಿರ, ಮಾತು ಕಡಿಮೆ.

"ಯಾರ್ಲಾ ಒಡ್ದೋರು?"

ಸವಿತಾ ಸೊಂಟದ ವೇಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, "ನಾ ಕಣಪ್ಪೋ" ಎಂದಳು.

ಗೌಡರು ಅವಳನ್ನು ನೋಡಿದರು, ಚೆಂಡನ್ನು ನೋಡಿದರು. "ಔಟು ಅಂತಾವ್ರೆ ಇವ್ರು. ನೀನೇನಂತೀಯವ್ವ?"

"ಆಡಾಕೆ ಮುಂಚೇನೇ ಭಾವುನ್ನ ಕೇಳಿದ್ದೆ, ಕಬ್ಬು ದಾಟುದ್ರೆ ಏನು ಅಂತ. ಅವ್ರು ಏಳ್ಲಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಸಿಕ್ಸ್ ಎಂದು ಮೊದಲೇ ಹೇಳಿದ್ದೆ ಎಂದರೆ ಆ ಕ್ಷಣಕ್ಕೆ ಪಂದ್ಯ ನಮ್ಮದು. ನಾಲಿಗೆಯ ತುದಿಗೆ ಬಂತು. ಆದರೆ ಅದು ಕಾಣದ ಜಾಗದಲ್ಲಿ ಸುಳ್ಳು ತಾರೀಕು ಬರೆದ ಹಾಗಾಗುತ್ತಿತ್ತು. "ದಾಟಾಕಿಲ್ಲ ಅಂದೆ ಗೌಡ್ರೇ" ಎಂದೆ. "ಅದುಕ್ಕೆ ಕಾನೂನೇ ಇಲ್ಲ. ನಾವ್ಯಾರೂ ಯೋಚ್ನೇನೇ ಮಾಡಿರ್ಲಿಲ್ಲ."

ಗೌಡರು ತಲೆಯಾಡಿಸಿದರು. "ಕಾನೂನು ಮಾಡ್ದೋನು ನಾನು. ಯಾಕೆ ಮಾಡ್ದೆ? ನೀವು ಪೈರು ತುಳೀತಿದ್ರಿ ಅಂತ. ಇವತ್ತು ಒಂದು ಗರಿ ಅಲ್ಲಾಡ್ಲಿಲ್ಲ. ನಾನು ಏರಿ ಮ್ಯಾಲೇ ಕುಂತಿದ್ದೆ. ಮೂವತ್ತು ವರ್ಷದಿಂದ ಕುಂತ್ಕತಾ ಇವ್ನಿ, ಒಂದು ಚೆಂಡೂ ಅತ್ತಗೆ ಬಂದಿರ್ಲಿಲ್ಲ. ಹಕ್ಕಿ ಅನ್ಕಂಡೆ." ಚೆಂಡನ್ನು ಅಂಗೈಯಲ್ಲಿ ಒಂದು ಸಲ ತಿರುಗಿಸಿದರು. "ಗರಿ ಅಲ್ಲಾಡ್ದಿದ್ಮ್ಯಾಲೆ ನಂದೇನೂ ತಕರಾರಿಲ್ಲ. ಬಿದ್ದಿದ್ದು ಏರಿಗೆ. ಏರಿ ನಂದಲ್ಲ, ಸರ್ಕಾರದ್ದು. ಔಟು ಅನ್ಬೇಕಾದ್ರೆ ಓಗಿ ಸರ್ಕಾರುನ್ನೇ ಕೇಳ್ಕಂಡು ಬಾ ಮಾದೇವ."

ಮೊದಲು ನಕ್ಕವನು ಮಾದೇವನೇ. ಆಮೇಲೆ ಇಡೀ ಗದ್ದೆ. ಆ ನಗುವಿನ ಮಧ್ಯೆ ಗೌಡರು ಚೆಂಡನ್ನು ಸವಿತಾಳ ಕೈಗೆ ಕೊಟ್ಟರು. ಅಟ್ಟದ ಚೀಲಕ್ಕೆ ಹೋಗದೆ ಗೌಡರ ಕೈಯಿಂದ ವಾಪಸು ಬಂದ ಮೊದಲ ಚೆಂಡು ಅದು. ಮಾದೇವ ಹತ್ತಿರ ಬಂದು, "ತಾಯಿ, ನಿಮ್ಮೂರಲ್ಲಿ ಎಲ್ರೂ ಇಂಗೇನಾ?" ಎಂದ. "ನಮ್ಮೂರಲ್ಲಿ ಕಬ್ಬಿಲ್ಲ ಅಣ್ಣ" ಎಂದಳು ಅವಳು.

ಮಾರನೇ ದಿನ, ಸೋಮವಾರ, ನಾನು ಮೈದಾನಕ್ಕೆ ಕಬ್ಬಿಣದ ಮೂರು ಸ್ಟಂಪು ಮಾಡಿದೆ, ನೆಲದ ಮೇಲೆ ನಿಲ್ಲುವಂತೆ ಅಡಿಗೆ ಒಂದು ಪಟ್ಟಿ ಬೆಸೆದು. ಮುಗಿಸಿದ್ದು ಇಪ್ಪತ್ತೈದಕ್ಕೆ. ಆದರೂ ಪಟ್ಟಿಯ ಅಡಿಯಲ್ಲಿ ಆ ಹೊಡೆತದ ತಾರೀಕನ್ನೇ, 24-2 ಎಂದು ಬರೆದೆ. ರಾಡಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಮೇಸ್ತ್ರಿಯವರನ್ನು ಮನಸ್ಸಿನಲ್ಲೇ ನೆನೆದು, ತಾರೀಕಿನ ಪಕ್ಕದಲ್ಲಿ ಒಂದು ಹೆಸರು ಬರೆದೆ. ಪೂರ್ತಿ ಹೆಸರು, ಮೂರಕ್ಷರ. ಅದು ಕಿತ್ತುಹೋಗುವ ಕೆಲಸವಲ್ಲ, ಯಾರೂ ಅವಳನ್ನು ಹುಡುಕಿಕೊಂಡು ಬಂದು ಬೈಯುವುದಿಲ್ಲ.

ಬ್ಯಾಟು ಅಟ್ಟಕ್ಕೆ ಹಾಕುತ್ತೇನೆಂದಿದ್ದೆನಲ್ಲ, ಹಾಕಲಿಲ್ಲ. ಭತ್ತ ಕುಯ್ದ ಮೇಲೆ ಈಗಲೂ ಭಾನುವಾರ ಬೆಳಿಗ್ಗೆ ಗದ್ದೆಗೆ ಹೋಗುತ್ತೇನೆ. ಸವಿತಾ ಕಾಲಿನ ಮೇಲೆ ಬಾಲು ಹಾಕುತ್ತಾಳೆ. "ಸೊಂಟ ತಿರುಗ್ಸಿ ಭಾವ, ಗೇಟು ತೆಗ್ದಂಗೆ" ಎನ್ನುತ್ತಾಳೆ. ಇಷ್ಟು ಗೇಟು ಕೂರಿಸಿದವನಿಗೆ ಈ ಒಂದು ಗೇಟು ತೆರೆಯುವುದಿಲ್ಲ. ಮೂವತ್ತು ವರ್ಷ ಒಂದೇ ಕಡೆ ತಿರುಗಿದ ಮೈ. ಹೊಡೆದದ್ದೆಲ್ಲ ಕಬ್ಬಿಗೆ ಬಿದ್ದು ಔಟಾಗುತ್ತೇನೆ. ಪುಟ್ಟೇಗೌಡರ ಚೀಲ ತುಂಬಿ ಎರಡನೆಯ ಚೀಲ ಶುರುವಾಗಿದೆ, ಅದರಲ್ಲಿರುವುದೆಲ್ಲ ನನ್ನವೇ. ಏರಿಯ ಮೇಲೆ ಕೂತು ಅವರು ಕಾಯುತ್ತಿರುತ್ತಾರೆ. "ಇವತ್ತೂ ಇಲ್ವಾ?" ಎಂದು ಆ ಕಡೆಯಿಂದ ಕೂಗುತ್ತಾರೆ.

ಮೊದಲು ನನಗೆ ಮೊದಲನೆಯವರ ಹುಚ್ಚಿತ್ತು. ಈಗ ಎರಡನೆಯವರ ಬಗ್ಗೆ ಯೋಚಿಸುತ್ತೇನೆ. ಮೊದಲು ಮಾಡಿದವರು ಆಗುತ್ತದೆ ಎಂದು ತೋರಿಸುತ್ತಾರೆ. ಅದನ್ನು ಕಣ್ಣಾರೆ ಕಂಡು, ಆಗಲಿ ನಾನೂ ನೋಡುತ್ತೇನೆ ಎಂದು ಬ್ಯಾಟು ಎತ್ತಿಕೊಳ್ಳುವವನೊಬ್ಬ ಇರಬೇಕಲ್ಲ. ನಮ್ಮೂರಿನಲ್ಲಿ ಆ ಜಾಗ ಇನ್ನೂ ಖಾಲಿ ಇದೆ. ಅದಕ್ಕೇ ಗೋಡೆಯ ಮೇಲೆ ಹಾಳೆ ಹಾಗೇ ಇರುವುದು. ನಾಮಕರಣ ಇರುವವರು ದಯವಿಟ್ಟು ಬೇರೆಲ್ಲಾದರೂ ತಾರೀಕು ನೋಡಿಕೊಳ್ಳಿ.